ಹಳೇ ಸುಬಾರುವಿಗೆ ಬೇರೆ ಸುಬಾರುವಿನ ಭಾಗ: ಬೋಲ್ಟು ಕೂತರೆ ಸಾಕಾ?

ಪ್ರಶ್ನೆ: ನನ್ನ ಹತ್ತಿರ 1998ರ ಸುಬಾರು ಲೆಗಸಿ ಔಟ್‌ಬ್ಯಾಕ್ ಇದೆ. ಅಮೆರಿಕದಲ್ಲಿ ಮಾರಿದ ಮಾದರಿ, 2.5 ಲೀಟರ್ ಎಂಜಿನ್, ಆಟೊಮ್ಯಾಟಿಕ್. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳಿದ್ದಾರೆ. ಗುಜರಿಯಲ್ಲಿ 1996ರ 2.2 ಲೀಟರ್ ಲೆಗಸಿ ಒಂದು ಸಿಗುತ್ತದೆ. ಸ್ನೇಹಿತರ ಹತ್ತಿರ ಪಕ್ಕಕ್ಕೆ ಗುದ್ದಿಸಿಕೊಂಡ 2002ರ ಇಂಪ್ರೆಜಾ ಡಬ್ಲ್ಯೂಆರ್‌ಎಕ್ಸ್ ಸುಮ್ನೆ ನಿಂತಿದೆ, ಕೊಡುತ್ತೇನೆ ಅಂದಿದ್ದಾರೆ. ಹಳೇ ಸುಬಾರುಗಳಲ್ಲಿ ಒಂದರ ಭಾಗ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದಂತೆ, ನಿಜವಾ? ಯಾವ ಎಂಜಿನ್ ಹಾಕಲಿ? ಹೇಗೂ ಬಿಚ್ಚುತ್ತಿದ್ದೇನೆ, ಗೇರ್‌ಬಾಕ್ಸನ್ನೂ ಮ್ಯಾನ್ಯುಯಲ್ ಮಾಡಿಬಿಡಲಾ? ಡಬ್ಲ್ಯೂಆರ್‌ಎಕ್ಸ್‌ನ ಬ್ರೇಕು, ಚಕ್ರ, ಸಸ್ಪೆನ್ಷನ್ ಬಳಸಬಹುದಾ?

ಉತ್ತರ: ಕೂರುತ್ತದೆ, ನಿಜ. ತೊಂದರೆ ಇರುವುದೂ ಅಲ್ಲೇ. ಕೂರದ ಭಾಗ ಯಾರಿಗೂ ಮೋಸ ಮಾಡುವುದಿಲ್ಲ. ಬೋಲ್ಟು ಹಿಡಿಯಲಿಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡುತ್ತೀರಿ. ಆದರೆ ಬೋಲ್ಟೆಲ್ಲ ಚೆನ್ನಾಗಿ ಕೂತು ಒಳಗೆ ಹಲ್ಲಿನ ಲೆಕ್ಕ ತಪ್ಪಿರುತ್ತದಲ್ಲ, ಅದು ಗೊತ್ತಾಗುವುದು ಕಾರು ರಸ್ತೆಗಿಳಿದು ಸ್ವಲ್ಪ ದೂರ ಹೋದ ಮೇಲೆ. ನಿಮ್ಮ ಪಟ್ಟಿಯಲ್ಲಿ ಇಂಥ ಜಾಗ ಮೂರ್ನಾಲ್ಕು ಇವೆ.

ಇಷ್ಟೊಂದು ಯಾಕೆ ಹೊಂದುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. 1989ರಲ್ಲಿ ಲೆಗಸಿ ಬಂತು, ಅದರ ಜೊತೆಗೇ ಇಜೆ ಎಂಜಿನ್ ಬಂತು. 1992ರಲ್ಲಿ ಇಂಪ್ರೆಜಾ, 1997ರಲ್ಲಿ ಫಾರೆಸ್ಟರ್. ಮೂರರ ಹೊಟ್ಟೆಯೊಳಗೂ ಒಂದೇ ಜೋಡಣೆ. ಮುಂದೆ ಮಲಗಿಸಿಟ್ಟ ನಾಲ್ಕು ಸಿಲಿಂಡರಿನ ಎಂಜಿನ್, ಅದರ ಬೆನ್ನಿಗೆ ಗೇರ್‌ಬಾಕ್ಸ್, ಅದರೊಳಗೇ ಮುಂದಿನ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆ), ಅಲ್ಲಿಂದ ಹಿಂದಕ್ಕೆ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಡಿಫರೆನ್ಷಿಯಲ್. 1.5 ಲೀಟರಿನಿಂದ 2.5 ಲೀಟರಿನವರೆಗೆ ಇಜೆ ಎಂಜಿನ್‌ಗಳೆಲ್ಲ ಗೇರ್‌ಬಾಕ್ಸನ್ನು ಹಿಡಿಯುವ ಮುಖ ಒಂದೇ ಥರ. 1999ರ ಸುಮಾರಿಗೆ ಬಂದ ಎರಡನೇ ಹಂತದ ಎಂಜಿನ್‌ಗಳಲ್ಲಿ ನಾಲ್ಕು ಬೋಲ್ಟಿನ ಬದಲು ಎಂಟು ಬೋಲ್ಟಾಯಿತು. ಆದರೂ ಹಳೆಯ ನಾಲ್ಕು ತೂತು ಅದರದರ ಜಾಗದಲ್ಲೇ ಇವೆ. ಅದಕ್ಕೂ ಹಿಂದಿನ ಲಿಯೋನ್ ಕಾಲದ ಇಎ ಎಂಜಿನ್ ಕಾರುಗಳ ಕಥೆ ಬೇರೆ. ಚಕ್ರಕ್ಕೆ 140 ಮಿಲಿಮೀಟರ್ ಸುತ್ತಿನಲ್ಲಿ ನಾಲ್ಕೇ ಬೋಲ್ಟು, ಇಜೆ ಎಂಜಿನ್ ಕೂರಿಸಬೇಕೆಂದರೆ ನಡುವೆ ಅಡಾಪ್ಟರ್ ಪ್ಲೇಟು. ಅದು ನಿಮಗೆ ಬೇಡದ ಮಾತು.

ಎಂಜಿನ್ ಇಳಿಸುವ ಮುಂಚೆ ಒಂದು ಪ್ರಶ್ನೆ. ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರುಗಳಿಗೂ ಅವನ್ನು ಮುಚ್ಚುವ ಹೆಡ್ಡಿಗೂ ನಡುವಿನ ಸೀಲು, ಹೋಗಿದೆ ಅಂತ ಹೇಗೆ ಗೊತ್ತಾಯಿತು? ನಿಮ್ಮ ಕಾರಿನಲ್ಲಿರುವುದು ಎರಡೆರಡು ಕ್ಯಾಮ್‌ಶಾಫ್ಟಿನ ಇಜೆ25ಡಿ. ಇದರ ಗ್ಯಾಸ್ಕೆಟ್ ಒಳಗಡೆ ಹೋಗುತ್ತದೆ. ಸಿಲಿಂಡರಿನ ಹೊಗೆ ಕೂಲಂಟ್ ದಾರಿಗೆ ನುಗ್ಗುತ್ತದೆ. ಆಯಿಲ್ಲಿಗೆ ನೀರು ಬೆರೆತು ಹಾಲಿನ ಥರ ಆಗುವುದು ಇದರಲ್ಲಿ ಅಪರೂಪ, ಹಾಗಾಗಿ ಆಯಿಲ್ ನೋಡಿ "ಏನೂ ಆಗಿಲ್ಲ" ಅನ್ನುವವರ ಮಾತು ನಂಬಬೇಡಿ. ಊರೊಳಗೆ ಚೆನ್ನಾಗಿ ಓಡಿ, ಹೆದ್ದಾರಿಯಲ್ಲಿ ಅರ್ಧ ಗಂಟೆ ಆದ ಮೇಲೆ ಶಾಖದ ಮುಳ್ಳು ಏರುತ್ತದಾ? ಆಗಲೇ ಹೀಟರಿನ ಗಾಳಿ ತಣ್ಣಗಾಗುತ್ತದಾ? ಕೂಲಂಟಿನ ಬಾಟಲಿಯಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದೆಯಾ? ಮೂರಕ್ಕೂ ಹೌದು ಅಂದರೆ ಗ್ಯಾಸ್ಕೆಟ್ಟೇ. ಅನುಮಾನ ಇದ್ದರೆ ನೀಲಿ ದ್ರವದ ಟೆಸ್ಟ್ ಮಾಡಿಸಿ. ಹೊಗೆ ತಾಗಿದರೆ ಅದು ಹಳದಿಗೆ ತಿರುಗುತ್ತದೆ. ಥರ್ಮೋಸ್ಟಾಟ್ ಕೆಟ್ಟಿದ್ದಕ್ಕೆ ಎಂಜಿನ್ನೇ ಇಳಿಸಿದವರನ್ನು ನಾನು ನೋಡಿದ್ದೇನೆ.

ಕಾರು ಒಂದೇ ಸಲ ಕಾದು ನೀವು ತಕ್ಷಣ ನಿಲ್ಲಿಸಿದ್ದರೆ, ಎಂಜಿನ್ ಬದಲಿಸುವ ಯೋಚನೆಯನ್ನೇ ಬಿಡಬಹುದು. ಹೆಡ್ಡುಗಳ ಮುಖ ಸಾಪಾಟು ಮಾಡಿಸಿ, ಟರ್ಬೊ ಎಂಜಿನ್‌ಗಳಿಗೆ ಹಾಕುವ ಥರದ ಪದರ ಪದರದ ಸ್ಟೀಲ್ ಗ್ಯಾಸ್ಕೆಟ್ ಹಾಕಿಸಿದರೆ ಇದೇ ಎಂಜಿನ್ ಚೆನ್ನಾಗಿ ಓಡುತ್ತದೆ. ಐದಾರು ಸಲ ಕಾಯಿಸಿಕೊಂಡೇ ಓಡಿಸಿದ್ದೀರಿ ಅಂದರೆ ಬೇರೆ ಮಾತು. ಇಜೆ25ಡಿಯಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಅಂಥ ಶಾಖಕ್ಕೆ ಸೋಲುತ್ತವೆ. ಹೊಸ ಗ್ಯಾಸ್ಕೆಟ್ ಹಾಕಿ ಎರಡು ತಿಂಗಳಿಗೆ ಕೆಳಗಡೆಯಿಂದ ಟಕ್ ಟಕ್ ಶುರುವಾದರೆ ಹಾಕಿದ ದುಡ್ಡೆಲ್ಲ ನೀರುಪಾಲು.

ಎಂಜಿನ್ ಬದಲಿಸುವುದೇ ಆದರೆ ಹಿಂದೆ ಮುಂದೆ ನೋಡದೆ 2.2 ಲೀಟರಿನ ಇಜೆ22 ತನ್ನಿ. 165 ಕುದುರೆಬಲದಿಂದ ಸುಮಾರು 135ಕ್ಕೆ ಇಳಿಯುತ್ತೀರಿ. ತುಂಬಿದ ಕಾರಿನಲ್ಲಿ ಏರು ಹತ್ತುವಾಗ ಅದು ಗೊತ್ತಾಗುತ್ತದೆ, ಸುಳ್ಳು ಹೇಳುವುದಿಲ್ಲ. ಬದಲಿಗೆ ಸಿಗುವುದು ಸುಬಾರು ಮಾಡಿದ ಅತ್ಯಂತ ಗಟ್ಟಿ ಎಂಜಿನ್‌ಗಳಲ್ಲಿ ಒಂದು. ಅದರಲ್ಲೂ 1996 ಒಳ್ಳೆಯ ವರ್ಷ. ಅಲ್ಲಿಯವರೆಗಿನ ಇಜೆ22ನಲ್ಲಿ ಟೈಮಿಂಗ್ ಬೆಲ್ಟ್ (ಪಿಸ್ಟನ್ನಿನ ಲೆಕ್ಕಕ್ಕೆ ವಾಲ್ವುಗಳನ್ನು ಆಡಿಸುವ ಬೆಲ್ಟು) ತುಂಡಾದರೂ ಪಿಸ್ಟನ್ನು ವಾಲ್ವಿಗೆ ಗುದ್ದುವುದಿಲ್ಲ. ಎಳೆದುಕೊಂಡು ಬಂದು ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತದೆ. 1997ರಿಂದ ಆ ಸವಲತ್ತು ಹೋಯಿತು. ನಿಮ್ಮ 2.5ರಲ್ಲಂತೂ ಬೆಲ್ಟ್ ಹೋದರೆ ವಾಲ್ವು ಬಾಗುವುದು ಗ್ಯಾರಂಟಿ.

ಗುಜರಿಗೆ ಹೋದಾಗ ಆ ಎಂಜಿನ್ನಿನಲ್ಲಿ ಎರಡು ವಿಷಯ ನೋಡಿ. ಮೊದಲನೆಯದು, ಕೆಳಗೆ ಬಗ್ಗಿ ಹೆಡ್ಡಿನಿಂದ ಹೊಗೆ ಹೊರಬರುವ ಕಿಂಡಿ. ನಿಮ್ಮ 2.5ಕ್ಕೆ ಒಂದೊಂದು ಬದಿಗೆ ಎರಡೆರಡು ಕಿಂಡಿ. ಇಜೆ22ನಲ್ಲಿ ಹಳೆಯವಕ್ಕೆ ಎರಡು, ನಂತರದವಕ್ಕೆ ಒಂದು. ಒಂದೇ ಕಿಂಡಿ ಇದ್ದರೆ ಎಂಜಿನ್ನಿಂದ ಕೆಳಗಿಳಿಯುವ ಆ ಕವಲು ಪೈಪನ್ನೂ ಅದೇ ಕಾರಿನಿಂದ ಬಿಚ್ಚಿ ತನ್ನಿ. ನಿಮ್ಮದು ಅದಕ್ಕೆ ಹೊಂದುವುದಿಲ್ಲ. ಅದರ ನಟ್ಟುಗಳು ತುಕ್ಕು ಹಿಡಿದಿರುತ್ತವೆ, ಹಿಂದಿನ ದಿನವೇ ಎಣ್ಣೆ ಬಿಟ್ಟು ಬನ್ನಿ. ಎರಡನೆಯದು ಇಜಿಆರ್, ಅಂದರೆ ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೇ ತಿರುಗಿಸುವ ಪೈಪು. ನಿಮ್ಮ ಕಾರಿನ ಕಂಪ್ಯೂಟರ್ ಅದನ್ನು ಹುಡುಕುತ್ತದೆ. ಸಿಗದಿದ್ದರೆ ಚೆಕ್ ಎಂಜಿನ್ ದೀಪ ಹೊತ್ತಿಕೊಂಡೇ ಇರುತ್ತದೆ. ಅದಕ್ಕೇ ಆಟೊಮ್ಯಾಟಿಕ್ ಕಾರಿನಿಂದ ಬಂದ ಇಜೆ22 ಹುಡುಕಿ, ಅದರಲ್ಲಿ ಇಜಿಆರ್ ಇರುವ ಸಾಧ್ಯತೆ ಜಾಸ್ತಿ. ಇವೆರಡು ಸರಿ ಇದ್ದರೆ ಉಳಿದದ್ದು ಸುಲಭ. 1995ರಿಂದ 1998ರವರೆಗಿನ ಲೆಗಸಿಗಳ ಎಂಜಿನ್ ವೈರಿಂಗಿನ ಪ್ಲಗ್ಗುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಎಂಜಿನ್ ಮೌಂಟುಗಳೂ ಅವೇ.

ಒಂದು ಎಚ್ಚರಿಕೆ ಮಾತ್ರ. ಹೊಗೆ ತಪಾಸಣೆ ಕಟ್ಟುನಿಟ್ಟಾಗಿರುವ ಕಡೆ ಎಂಜಿನ್ ಬದಲಿಸುವುದಕ್ಕೂ ಕಾನೂನಿದೆ. ಉದಾಹರಣೆಗೆ ಕ್ಯಾಲಿಫೋರ್ನಿಯಾದಲ್ಲಿ ಹಾಕುವ ಎಂಜಿನ್ ಕಾರಿನ ವರ್ಷದ್ದೇ ಆಗಿರಬೇಕು, ಇಲ್ಲವೇ ಅದಕ್ಕಿಂತ ಹೊಸದಾಗಿರಬೇಕು. 1998ರ ಕಾರಿಗೆ 1996ರ ಎಂಜಿನ್ ಅಲ್ಲಿ ನಡೆಯುವುದಿಲ್ಲ. ನಿಮ್ಮ ಕಾರು ರಿಜಿಸ್ಟರ್ ಆಗಿರುವ ಜಾಗದ ನಿಯಮ ಕೇಳಿಕೊಂಡೇ ದುಡ್ಡು ಕೊಡಿ.

ಎಂಜಿನ್ ಹೊರಗಿರುವಾಗ ಮಾಡಿಕೊಳ್ಳಬೇಕಾದ ಕೆಲಸ ಒಂದಿಷ್ಟಿದೆ. ಟೈಮಿಂಗ್ ಬೆಲ್ಟ್ ಹೊಸದು ಹಾಕಿ. ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ, ಅದನ್ನೂ ಬದಲಿಸಿ. ಆಯಿಲ್ ಪಂಪ್ ಬಿಚ್ಚಿ ಅದರ ಹಿಂದಿನ ಪ್ಲೇಟಿನ ಸ್ಕ್ರೂಗಳನ್ನು ನೋಡಿ, ಸಡಿಲ ಆಗಿರುತ್ತವೆ. ಎಂಜಿನ್ನಿನ ಬೆನ್ನ ಮೇಲಿರುವ ಆಯಿಲ್ ಸೆಪರೇಟರ್ ಪ್ಲೇಟು ಪ್ಲಾಸ್ಟಿಕ್ಕಿನದಾಗಿದ್ದರೆ ಕಿತ್ತು ಲೋಹದ್ದು ಹಾಕಿ. ಅಲ್ಲಿಂದ ಜಿನುಗುವ ಎಣ್ಣೆಯನ್ನು ನೋಡಿ ಜನ ಸುಮ್ನೆ ಕ್ರ್ಯಾಂಕಿನ ಆಯಿಲ್ ಸೀಲನ್ನು ಬೈಯುತ್ತಾರೆ. ಥರ್ಮೋಸ್ಟಾಟ್ ಮಾತ್ರ ಸುಬಾರು ಕಂಪನಿಯದೇ ತನ್ನಿ. ಹೊರಗೆ ಸಿಗುವ ಅಗ್ಗದವು ಗಾತ್ರದಲ್ಲೇ ಚಿಕ್ಕವು. ಹೊಸ ಎಂಜಿನ್ ಹಾಕಿ ಇದೊಂದರಿಂದ ಮತ್ತೆ ಕಾಯಿಸಿಕೊಳ್ಳುವುದು ಯಾಕೆ, ಅಲ್ವಾ?

ಬೆಲ್ಟ್ ಹಾಕುವಾಗ ಕ್ರ್ಯಾಂಕಿನ ಹಲ್ಲುಗಾಲಿಯ ಮೇಲೆ ಒಂದು ಬಾಣ ಕಾಣುತ್ತದೆ. ಎದ್ದು ಕಾಣುವ ಹಾಗೆ, ಕರೆಯುವ ಹಾಗೆ. ಅದನ್ನು ಮೇಲಕ್ಕೆ ತಂದು ಬೆಲ್ಟ್ ಹಾಕಿದಿರೋ, ಕೆಟ್ಟಿರಿ. ಆ ಬಾಣ ಪಿಸ್ಟನ್ ಮೇಲೆ ಬಂದದ್ದನ್ನು ತೋರಿಸುವುದಕ್ಕೆ ಇರುವುದು. ಬೆಲ್ಟಿಗೆ ಬೇಕಾದ ಗುರುತು ಅದಲ್ಲ. ಹಲ್ಲುಗಾಲಿಯ ಹಿಂಬದಿಯಲ್ಲಿ, ಸೆನ್ಸರ್ ಓದುವ ಚಾಚುಗಳಲ್ಲಿ ಒಂದರ ಅಂಚಿಗೆ ಉಗುರಿನಿಂದ ಗೀರಿದ ಹಾಗೆ ಸಣ್ಣ ಗೆರೆ ಇದೆ. ಗ್ರೀಸು ಒರೆಸಿ ಟಾರ್ಚ್ ಹಿಡಿದರೆ ಮಾತ್ರ ಕಾಣುತ್ತದೆ. ಅದು ನೇರ ಮೇಲಕ್ಕೆ, ಆಯಿಲ್ ಪಂಪಿನ ಮೇಲಿನ ಗುರುತಿಗೆ ಎದುರಾಗಿ ಬರಬೇಕು. ಆಗ ನಾಲ್ಕೂ ಪಿಸ್ಟನ್ ಸಿಲಿಂಡರಿನ ಮಧ್ಯದಲ್ಲಿರುತ್ತವೆ, ಕ್ಯಾಮ್ ತಿರುಗಿದರೂ ವಾಲ್ವಿಗೆ ಏನೂ ತಾಗುವುದಿಲ್ಲ. ಎಷ್ಟು ಜಾಣ ಏರ್ಪಾಡು ನೋಡಿ. ಕೆಲಸ ಕಲಿಯುವಾಗ ನಾನೂ ಬಾಣ ನೋಡಿಯೇ ಬೆಲ್ಟ್ ಹಾಕಿದ್ದೆ. ಎಂಜಿನ್ ಕೆಮ್ಮಿತು, ಹತ್ತಲಿಲ್ಲ. ಕೆಲಸ ಕಲಿಸುತ್ತಿದ್ದ ಮೇಸ್ತ್ರಿ ಬಂದು ಒಂದು ಮಾತೂ ಆಡದೆ ಟಾರ್ಚು ಕೈಗೆ ಕೊಟ್ಟು ಹೋದರು. ಅದು ಹಳೇ 2.2 ಆಗಿದ್ದರಿಂದ ವಾಲ್ವು ಉಳಿಯಿತು. ಬೆಲ್ಟ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿದ ಮೇಲೆ ಬೆಲ್ಟಿನ ಮೇಲಿನ ಗೆರೆಗಳು ಹಲ್ಲುಗಾಲಿಯ ಗುರುತಿಗೆ ಸೇರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಹಲ್ಲುಗಾಲಿಯ ಗುರುತುಗಳು ಅದರದರ ಜಾಗಕ್ಕೆ ಬಂದರೆ ಸಾಕು.

ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಎಂಜಿನ್ ಸೇರಿಸುವಾಗ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಎಂಜಿನ್ ಜೊತೆ ಮುಂದಕ್ಕೆ ಜಾರಿ ಬಂದಿರುತ್ತದೆ. ಅದಕ್ಕೇ ಎಂಜಿನ್ ಇಳಿಸುವ ಮುಂಚೆಯೇ ಅದರ ನಾಲ್ಕು ಬೋಲ್ಟು ಬಿಚ್ಚಿ ಗೇರ್‌ಬಾಕ್ಸಿನಲ್ಲೇ ಉಳಿಸಬೇಕು. ಬೆಲ್‌ಹೌಸಿಂಗಿನ, ಅಂದರೆ ಗೇರ್‌ಬಾಕ್ಸು ಎಂಜಿನ್ನಿಗೆ ಸೇರುವ ಅಗಲದ ಭಾಗದ, ಮೇಲೆ ರಬ್ಬರ್ ಮುಚ್ಚಳದ ಕಿಂಡಿ ಇದೆ, ಅದರೊಳಗಿಂದ ಒಂದೊಂದೇ ಬೋಲ್ಟು ಸಿಗುತ್ತದೆ. ಮತ್ತೆ ಸೇರಿಸುವಾಗ ಕನ್ವರ್ಟರನ್ನು ಎರಡೂ ಕೈಯಲ್ಲಿ ಹಿಡಿದು ಒಳಕ್ಕೆ ಒತ್ತುತ್ತಾ ತಿರುಗಿಸಿ. ಒಂದು ಸಲ ಟಕ್ ಅಂದು ಒಳಗೆ ಹೋಗುತ್ತದೆ. ಆಯಿತು ಅಂದುಕೊಳ್ಳಬೇಡಿ, ಇನ್ನೂ ತಿರುಗಿಸಿ, ಮತ್ತೊಮ್ಮೆ ಟಕ್ ಅನ್ನುತ್ತದೆ. ಪೂರ್ತಿ ಕೂರದೆ ಬೋಲ್ಟಿನಿಂದ ಎಳೆದು ಬಿಗಿ ಮಾಡಿದರೆ ಒಳಗಿನ ಆಯಿಲ್ ಪಂಪ್ ಮುರಿಯುತ್ತದೆ. ಎಂಜಿನ್ನೂ ಗೇರ್‌ಬಾಕ್ಸೂ ಕೈಯಲ್ಲೇ ಮುಖಕ್ಕೆ ಮುಖ ಕೂಡಬೇಕು. ನಡುವೆ ಬೆರಳು ತೂರುವಷ್ಟು ಸಂದಿ ಉಳಿದರೆ ಬೋಲ್ಟು ಮುಟ್ಟಲೇಬೇಡಿ, ಹಿಂದಕ್ಕೆ ಎಳೆದು ಮತ್ತೆ ಮಾಡಿ.

ಡಬ್ಲ್ಯೂಆರ್‌ಎಕ್ಸ್‌ನ 2 ಲೀಟರ್ ಟರ್ಬೊ ಎಂಜಿನ್ ಹಾಕೋಣವಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಬಂದಿರುತ್ತದೆ, 227 ಕುದುರೆಬಲ ಯಾರಿಗೆ ಬೇಡ? ಅದು ಎಂಜಿನ್ ಬದಲಾವಣೆ ಅಲ್ಲ, ಕಾರು ಬದಲಾವಣೆ. ಮುಂದಿನ ಕ್ರಾಸ್‌ಮೆಂಬರು (ಎಂಜಿನ್ ಹೊರುವ ಅಡ್ಡ ತೊಲೆ), ಪೆಟ್ರೋಲ್ ಪಂಪು, ಇಂಟರ್‌ಕೂಲರು, ಕಂಪ್ಯೂಟರು, ತಲೆಯಿಂದ ಬಾಲದವರೆಗೆ ವೈರಿಂಗು, ಎಲ್ಲ ಬರಬೇಕು. ಟರ್ಬೊ ಒಂದನ್ನೇ ಬಿಚ್ಚಿ ನಿಮ್ಮ 2.5ಕ್ಕೆ ಸಿಕ್ಕಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಕಾರಿನ ಕೀ ಕೊಡಬೇಡಿ. ಟರ್ಬೊ ಎಂಜಿನ್ನಿನ ಕಂಪ್ರೆಷನ್ 8ಕ್ಕೆ 1, ನಿಮ್ಮದು 9.7ಕ್ಕೆ 1. ಅದರ ಮೇಲೆ ಇನ್ನಷ್ಟು ಗಾಳಿ ತುರುಕಿದರೆ ಪಿಸ್ಟನ್ ತಡೆಯುವುದಿಲ್ಲ.

ಈಗ ಗೇರ್‌ಬಾಕ್ಸ್. ನನಗೆ ಅತಿ ಹೆಚ್ಚು ಭಯ ಇರುವುದು ಇಲ್ಲೇ.

ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರಿನಲ್ಲಿ ಮುಂದಿನ ಡಿಫರೆನ್ಷಿಯಲ್ಲಿಗೂ ಹಿಂದಿನದಕ್ಕೂ ಅನುಪಾತ ಒಂದೇ ಇರಬೇಕು. ಅನುಪಾತ ಅಂದರೆ ಚಕ್ರ ಒಂದು ಸುತ್ತು ಹೊಡೆಯಲು ಶಾಫ್ಟು ಎಷ್ಟು ಸುತ್ತು ಹೊಡೆಯಬೇಕು ಅನ್ನುವ ಲೆಕ್ಕ. ಸುಬಾರುಗಳಲ್ಲಿ ಸಾಮಾನ್ಯವಾಗಿ ಕಾಣುವುದು 3.90, 4.11, 4.44. ನಿಮ್ಮ ಆಟೊಮ್ಯಾಟಿಕ್ ಔಟ್‌ಬ್ಯಾಕಿಗೆ 4.44. ಅದೇ ವರ್ಷದ ಮ್ಯಾನ್ಯುಯಲ್ ಔಟ್‌ಬ್ಯಾಕಿಗೆ 4.11. ಹೊರಗಡೆಯಿಂದ ನೋಡಿದರೆ ಎರಡೂ ಡಿಫರೆನ್ಷಿಯಲ್ ಅವಳಿ ಜವಳಿ. ಬೋಲ್ಟು ಅದೇ, ಜಾಗ ಅದೇ. ಮ್ಯಾನ್ಯುಯಲ್ ಗೇರ್‌ಬಾಕ್ಸ್ ಹಾಕಿ ಹಿಂದಿನದನ್ನು ಹಾಗೇ ಬಿಟ್ಟರೆ ಏನಾಗುತ್ತದೆ? 4.44ಕ್ಕೂ 4.11ಕ್ಕೂ ಶೇಕಡಾ 8ರಷ್ಟು ವ್ಯತ್ಯಾಸ. ನಿಮ್ಮ 205/70 ಆರ್15 ಟೈರಿನ ಸುತ್ತಳತೆ ಸುಮಾರು 2,100 ಮಿಲಿಮೀಟರ್. ಅಂದರೆ ಮುಂದಿನ ಚಕ್ರ ಒಂದು ಸುತ್ತು ಹೊಡೆದಾಗ ಹಿಂದಿನದು ಮುಕ್ಕಾಲು ಗೇಣು ಹಿಂದೆ ಬೀಳುತ್ತದೆ. ಪ್ರತಿ ಸುತ್ತಿಗೂ! ಟೈರುಗಳ ಸುತ್ತಳತೆಯಲ್ಲಿ ಸುಬಾರು ಒಪ್ಪುವ ವ್ಯತ್ಯಾಸ ಬರೀ 6 ಮಿಲಿಮೀಟರ್. ಆ ಜಗಳವೆಲ್ಲ ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ನಡುವಿನ ಕಪ್ಲಿಂಗಿನ ತಲೆಗೆ ಬರುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಒಂದು ಆಟೊಮ್ಯಾಟಿಕ್ ಫಾರೆಸ್ಟರಿಗೆ ಗುಜರಿಯಿಂದ ಹಿಂದಿನ ಡಿಫರೆನ್ಷಿಯಲ್ ತಂದಿದ್ದೆ. ಸೀಮೆಸುಣ್ಣದಲ್ಲಿ 4.44 ಅಂತ ಬರೆದಿತ್ತು, ಯಾರು ಬರೆದದ್ದೋ. ನಂಬಿದೆ. ಶೆಡ್ಡಿನಿಂದ ಹೊರಗೆ ತೆಗೆದು ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಾರು ಎಗರಿ ಎಗರಿ ನಿಂತಿತು, ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ. ಟೈರು ಹೊಸದು, ಹಿಡಿತ ಜಾಸ್ತಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಜೆ ಹೊತ್ತಿಗೆ ಸುಟ್ಟ ಎಣ್ಣೆಯ ವಾಸನೆ. ಬಿಚ್ಚಿ ಎಣಿಸಿದರೆ 4.11. ಗೇರ್‌ಬಾಕ್ಸಿನ ಹಿಂಭಾಗದ ಕ್ಲಚ್ ಪ್ಲೇಟುಗಳನ್ನು ನನ್ನ ಕೈಯಿಂದ ದುಡ್ಡು ಹಾಕಿ ಬದಲಿಸಿದೆ.

ಎಣಿಸುವುದು ಐದು ನಿಮಿಷದ ಕೆಲಸ. ಗುಜರಿಯಲ್ಲಿ ಕಾರು ನಿಂತಿರುವಾಗಲೇ ಮಾಡಬಹುದು. ಹಿಂಬದಿ ಜಾಕ್ ಕೊಟ್ಟು ಎರಡೂ ಚಕ್ರ ಎತ್ತಿ, ಸ್ಟ್ಯಾಂಡ್ ಇಟ್ಟು, ಗೇರ್ ನ್ಯೂಟ್ರಲ್ ಮಾಡಿ. ಪ್ರೊಪೆಲ್ಲರ್ ಶಾಫ್ಟಿನ ಮೇಲೊಂದು, ಅದರ ಎದುರಿಗೆ ಬಾಡಿಯ ಮೇಲೊಂದು ಗುರುತು ಹಾಕಿ. ಟೈರಿನ ಮೇಲೂ ಒಂದು. ಒಬ್ಬರು ಒಂದು ಚಕ್ರವನ್ನು ಅಲ್ಲಾಡದ ಹಾಗೆ ಹಿಡಿದುಕೊಳ್ಳಲಿ. ನೀವು ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟು ನಾಲ್ಕು ಸುತ್ತು ಹೊಡೆದು ಒಂಬತ್ತನೇ ಒಂದು ಭಾಗದಷ್ಟು, ಅಂದರೆ ಗುರುತು ದಾಟಿ ಸ್ವಲ್ಪವೇ ಮುಂದೆ ನಿಂತರೆ 4.11. ಅರ್ಧ ಸುತ್ತಿಗೆ ಹತ್ತಿರ ಹೋದರೆ 4.44. ನಾಲ್ಕು ಸುತ್ತಿಗೆ ಸ್ವಲ್ಪ ಕಮ್ಮಿ ಬಿದ್ದರೆ 3.90. ಇದು ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ನೆ ಸುತ್ತದ ಹಾಗೆ ತಡೆಯುವ ಏರ್ಪಾಡು) ಇಲ್ಲದ ಸಾದಾ ಡಿಫರೆನ್ಷಿಯಲ್ಲಿನ ಲೆಕ್ಕ. ಒಂದು ಚಕ್ರ ತಿರುಗಿಸಿದಾಗ ಇನ್ನೊಂದೂ ಅದೇ ಕಡೆಗೆ ತಿರುಗಿದರೆ ಲಿಮಿಟೆಡ್ ಸ್ಲಿಪ್ ಇದೆ ಅಂತ. ಆಗ ಎರಡೂ ಚಕ್ರ ಒಟ್ಟಿಗೆ ಒಂದೇ ಸುತ್ತು ತಿರುಗಿಸಿ ಎಣಿಸಿ.

ಇನ್ನು ನಿಮ್ಮ ಸ್ನೇಹಿತರ ಡಬ್ಲ್ಯೂಆರ್‌ಎಕ್ಸ್. ಅದರ ಹಿಂದಿನ ಡಿಫರೆನ್ಷಿಯಲ್ ಎಣಿಸಿದರೆ ಮೂರೂವರೆ ಸುತ್ತಿನ ಹತ್ತಿರ ಬರುತ್ತದೆ, 3.545. ಮುಂದಿನದು 3.90. ಹಾಗಾದರೆ ಹೊಂದುವುದಿಲ್ಲವಲ್ಲ? ಹೊಂದುತ್ತದೆ. ಆ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಹೋಗುವ ಜಾಗದಲ್ಲಿ 1.1ರ ಇನ್ನೊಂದು ಜೋಡಿ ಗೇರ್ ಇದೆ. 3.545 ಇಂಟು 1.1 ಮಾಡಿ ನೋಡಿ, 3.90. ಇದು ಗೊತ್ತಿಲ್ಲದೆ "3.90ರ ಬಾಕ್ಸು, ಹಿಂದೆಯೂ 3.90 ಹಾಕೋಣ" ಅಂತ ಕೈ ಸುಟ್ಟುಕೊಂಡವರಿದ್ದಾರೆ. ಆ ಬಾಕ್ಸು ಎಲ್ಲಿಗೆ ಹೋದರೂ ಆ ಕಾರಿನ ಹಿಂದಿನ ಡಿಫರೆನ್ಷಿಯಲ್ ಜೊತೆಗೇ ಹೋಗಬೇಕು. ಕ್ಲಚ್ಚೂ ಹಾಗೆಯೇ. ಟರ್ಬೊ ಬಾಕ್ಸಿನದು ಎಳೆಯುವ ಥರದ್ದು, ಸಾದಾ ಬಾಕ್ಸಿನದು ಒತ್ತುವ ಥರದ್ದು. ಫ್ಲೈವೀಲು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು, ಫೋರ್ಕು, ಇವಿಷ್ಟೂ ಒಂದೇ ಮನೆಯವು ಆಗಿರಬೇಕು.

ಇಷ್ಟೆಲ್ಲ ಸರಿ ಮಾಡಿದರೂ ಆ ಬಾಕ್ಸು ನಿಮ್ಮ ಕಾರಿಗೆ ಬೇಡ ಅಂತಲೇ ನನ್ನ ಮಾತು. 227 ಕುದುರೆಬಲಕ್ಕೆ ಮಾಡಿದ ಅನುಪಾತ ಅದು. 135 ಕುದುರೆಬಲದ ಭಾರದ ಕಾರು ಅದರ ಮೊದಲನೇ ಗೇರಿನಲ್ಲೇ ಏದುಸಿರು ಬಿಡುತ್ತದೆ. ಮ್ಯಾನ್ಯುಯಲ್ ಮಾಡಲೇಬೇಕು ಅಂದರೆ ಟರ್ಬೊ ಇಲ್ಲದ ಲೆಗಸಿ ಅಥವಾ ಔಟ್‌ಬ್ಯಾಕ್ ಮ್ಯಾನ್ಯುಯಲ್ ಕಾರು ಪೂರ್ತಿ ಒಂದು ತನ್ನಿ. ಗೇರ್‌ಬಾಕ್ಸು, ಪೆಡಲುಗಳು, ಕ್ಲಚ್ ಒತ್ತುವ ಸಿಲಿಂಡರುಗಳು, ಪ್ರೊಪೆಲ್ಲರ್ ಶಾಫ್ಟು, ಕ್ರಾಸ್‌ಮೆಂಬರು, ಗೇರ್ ಕಡ್ಡಿಯ ಜೋಡಣೆ, ಹಿಂದಿನ ಡಿಫರೆನ್ಷಿಯಲ್, ಕಂಪ್ಯೂಟರು, ಎಲ್ಲ ಅದರಿಂದಲೇ ಬರಲಿ. ಬಿಡಿ ಬಿಡಿಯಾಗಿ ಐದು ಕಡೆಯಿಂದ ತಂದರೆ ಐದು ಥರದ ಲೆಕ್ಕ ಒಂದೇ ಕಾರಿಗೆ ಸೇರುತ್ತದೆ. ಕೆಲಸ ಮುಗಿದು ಒಂದು ತಿಂಗಳಾದರೂ ಆ ಹಳೇ ಕಾರನ್ನು ಗುಜರಿಗೆ ವಾಪಸ್ ಹಾಕಬೇಡಿ. ಯಾವುದೋ ಒಂದು ಬ್ರಾಕೆಟ್ಟು, ಒಂದು ಪ್ಲಗ್ಗು ಬೇಕೇ ಬೇಕಾಗುತ್ತದೆ. ಆದರೂ ಈಗಲೇ ಬೇಡ. ಮೊದಲು ಎಂಜಿನ್ ಒಂದನ್ನೇ ಬದಲಿಸಿ ಆರು ತಿಂಗಳು ಓಡಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ, ಕಾರು ಕೆಟ್ಟು ನಿಂತಾಗ ತಪ್ಪು ಯಾವುದರದ್ದು ಅಂತ ಹುಡುಕುವುದೇ ಒಂದು ಕೆಲಸ.

ಆಟೊಮ್ಯಾಟಿಕ್ಕನ್ನೇ ಉಳಿಸಿಕೊಂಡರೆ ನೆನಪಿರಲಿ, ಅದರಲ್ಲಿ ಎರಡು ಡಿಪ್‌ಸ್ಟಿಕ್ ಇವೆ, ಎರಡು ಬೇರೆ ಬೇರೆ ಎಣ್ಣೆ. ಗೇರ್‌ಬಾಕ್ಸಿಗೆ ಎಟಿಎಫ್ ಅನ್ನುವ ಆಟೊಮ್ಯಾಟಿಕ್ ಎಣ್ಣೆ, ಮುಂದಿನ ಡಿಫರೆನ್ಷಿಯಲ್ಲಿಗೆ ಗೇರ್ ಆಯಿಲ್. ಎಂಜಿನ್ ಆಯಿಲ್ ಇಳಿಸುತ್ತೇನೆ ಅಂತ ಡಿಫರೆನ್ಷಿಯಲ್ಲಿನ ಎಣ್ಣೆ ಖಾಲಿ ಮಾಡಿ, ಎಂಜಿನ್ನಿಗೆ ಇನ್ನೊಂದು ನಾಲ್ಕು ಲೀಟರ್ ತುಂಬಿದ ಜಾಣರು ಬೇಕಾದಷ್ಟಿದ್ದಾರೆ. ಬಾನೆಟ್ ಕೆಳಗೆ ಎಫ್‌ಡಬ್ಲ್ಯೂಡಿ ಅಂತ ಬರೆದ ಖಾಲಿ ಫ್ಯೂಸ್ ಜಾಗ ಒಂದಿದೆ. ಅಲ್ಲಿ ಫ್ಯೂಸ್ ಹಾಕಿದರೆ ಬಲ ಮುಂದಿನ ಚಕ್ರಕ್ಕೆ ಮಾತ್ರ ಹೋಗುತ್ತದೆ. ಸಣ್ಣ ಗಾತ್ರದ ಸ್ಟೆಪ್ನಿ ಹಾಕಿ ಓಡಿಸುವಾಗ ಬೇಕಾಗಲಿ ಅಂತ ಕೊಟ್ಟದ್ದು. ತಿರುವಿನಲ್ಲಿ ಕಾರು ಎಗರುತ್ತಿದ್ದರೆ ಕಾರಣ ಹುಡುಕುವುದಕ್ಕೂ ಅದೇ ಮೊದಲ ಉಪಾಯ.

ಡ್ರೈವ್ ಶಾಫ್ಟುಗಳನ್ನು ಬಿಚ್ಚುವ ಸಂದರ್ಭ ಬಂದೇ ಬರುತ್ತದೆ. ಬೇರೆ ಕಾರಿನದು ಹಾಕುವ ಮುಂಚೆ ತುದಿಯ ಹಲ್ಲು ಎಣಿಸಿ. ಇಜೆ ಕಾಲದವಕ್ಕೆ ಸಾಮಾನ್ಯವಾಗಿ 25, ಇನ್ನೂ ಹಳೆಯವುಗಳಲ್ಲಿ 23 ಕೂಡ ಸಿಗುತ್ತದೆ. ಒಳಗಿನ ತುದಿಯನ್ನು ಹಿಡಿದಿರುವುದು ಒಂದು ಸ್ಪ್ರಿಂಗ್ ಪಿನ್ನು. ವಾಪಸ್ ಹಾಕುವಾಗ ತೂತು ಕೂದಲೆಳೆಯಷ್ಟು ತಪ್ಪಿ ನಿಲ್ಲುತ್ತದೆ, ಪಿನ್ನು ಹೋಗುವುದಿಲ್ಲ. ಸುತ್ತಿಗೆ ಎತ್ತಬೇಡಿ. ಶಾಫ್ಟು ಹೊರಗೆಳೆದು ಅರ್ಧ ಸುತ್ತು ತಿರುಗಿಸಿ ಹಾಕಿ. ಒಂದೇ ದಿಕ್ಕಿನಲ್ಲಿ ಮಾತ್ರ ಎರಡೂ ತೂತು ಎದುರುಬದುರಾಗುವ ಹಾಗೆ ಮಾಡಿದ್ದಾರೆ. ಸರಿ ಇದ್ದರೆ ಪಿನ್ನು ನಾಲ್ಕೇ ಏಟಿಗೆ ಹೋಗುತ್ತದೆ.

ಬ್ರೇಕು ಹಾಕಿ, ಖುಷಿಯಾಗಿ ಹಾಕಿ. ಡಬ್ಲ್ಯೂಆರ್‌ಎಕ್ಸ್‌ನ ಮುಂದಿನ ಡಿಸ್ಕು 294 ಮಿಲಿಮೀಟರ್, ನಿಮ್ಮದಕ್ಕಿಂತ ದೊಡ್ಡದು. ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ), ಬ್ರಾಕೆಟ್, ಡಿಸ್ಕು ಮೂರನ್ನೂ ಜೊತೆಗೇ ತನ್ನಿ. ಆದರೆ 15 ಇಂಚಿನ ಚಕ್ರ ಅದರ ಮೇಲೆ ಕೂರುವುದಿಲ್ಲ, 16 ಬೇಕು. ಹಿಂದಕ್ಕೂ ದೊಡ್ಡದು ಬೇಕಾದರೆ 2001ರಿಂದ 2004ರವರೆಗಿನ ಆರು ಸಿಲಿಂಡರಿನ 3 ಲೀಟರ್ ಔಟ್‌ಬ್ಯಾಕಿನ 290 ಮಿಲಿಮೀಟರ್ ಡಿಸ್ಕು, ಅದರ ಬ್ರಾಕೆಟ್ಟು ತಂದರೆ ಸಾಕು. ನಿಮ್ಮ ಕ್ಯಾಲಿಪರೇ ಅದಕ್ಕೆ ನಡೆಯುತ್ತದೆ, ಧೂಳು ತಗಡಿನ ಅಂಚು ಸ್ವಲ್ಪ ಕತ್ತರಿಸಬೇಕಾಗುತ್ತದೆ ಅಷ್ಟೆ. ಮುಂದೆ ಬಿಟ್ಟು ಹಿಂದೆ ಮಾತ್ರ ದೊಡ್ಡದು ಹಾಕಬೇಡಿ. ಜೋರಾಗಿ ಒತ್ತಿದಾಗ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡರೆ ಕಾರು ತಿರುಗಿ ನಿಲ್ಲುತ್ತದೆ.

ಚಕ್ರ ಹೊಂದುತ್ತದೆ. ಎರಡಕ್ಕೂ 100 ಮಿಲಿಮೀಟರ್ ಸುತ್ತಿನಲ್ಲಿ ಐದು ಬೋಲ್ಟು, ನಡುವಿನ ತೂತು 56.1. ಅದರ 205/55 ಆರ್16 ಟೈರು ನಿಮ್ಮದಕ್ಕಿಂತ ಗಿಡ್ಡ, ಕಾರು ಸುಮಾರು 18 ಮಿಲಿಮೀಟರ್ ಕೆಳಗಿಳಿಯುತ್ತದೆ, ಸ್ಪೀಡೋಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಸ್ವಲ್ಪ ಎತ್ತರದ ಟೈರು ಹಾಕಿಕೊಳ್ಳಿ, ನಾಲ್ಕೂ ಒಂದೇ ಥರದ್ದು. ಫೋಕ್ಸ್‌ವ್ಯಾಗನ್ನಿನ ಚಕ್ರವೂ 100ರ ಐದು ಬೋಲ್ಟಿನದೇ. ಆದರೆ ಅದರ ನಡು ತೂತು 57.1, ಬೋಲ್ಟು ಕೂರುವ ಜಾಗ ಗುಂಡಗೆ. ಸುಬಾರುವಿನ ನಟ್ಟು ಶಂಕುವಿನ ಆಕಾರದ್ದು, ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಟೊಯೊಟಾದ ನಡು ತೂತು 54.1, ಹಬ್ಬಿನ ಮೇಲೆ ಹೋಗುವುದೇ ಇಲ್ಲ. ಅಮೆರಿಕದ 2005ರಿಂದೀಚಿನ ಎಸ್‌ಟಿಐ (ಡಬ್ಲ್ಯೂಆರ್‌ಎಕ್ಸ್‌ಗಿಂತ ಜೋರಿನ ಮಾದರಿ) ಚಕ್ರ 114.3ರ ಅಳತೆಯದು, ಆಸೆ ಬಿಡಿ.

ಸಸ್ಪೆನ್ಷನ್ ಡಬ್ಲ್ಯೂಆರ್‌ಎಕ್ಸ್‌ನಲ್ಲೇ ಇರಲಿ. ಔಟ್‌ಬ್ಯಾಕ್ ಎತ್ತರಕ್ಕೆ ಹೊಂದುವ ಹಾಗೆ ಕೆಳಗಿನ ಫ್ರೇಮುಗಳಿಗೂ ದಿಮ್ಮಿ ಕೊಟ್ಟು ಮಾಡಿದ್ದಾರೆ. ಮೇಲೆ ಮಾತ್ರ ಗಿಡ್ಡ ಮಾಡಿದರೆ ಯಾವ ಕೋನವೂ ಸರಿ ಬರುವುದಿಲ್ಲ. ನಿಮ್ಮದನ್ನೇ ಬಿಚ್ಚುವಾಗಲೂ ಮುಂದಿನ ಸ್ಟ್ರಟ್ಟಿನ ಮೇಲಿನ ಬೋಲ್ಟಿನ ತಲೆಗೆ ಬಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಅದು ಚಕ್ರದ ಓರೆ ಹೊಂದಿಸುವ ಬೋಲ್ಟು, ಗುರುತಿಲ್ಲದೆ ಬಿಗಿ ಮಾಡಿದರೆ ಅಲೈನ್‌ಮೆಂಟ್ ಅಂಗಡಿಗೆ ತಲುಪುವಷ್ಟರಲ್ಲಿ ಟೈರು ಸವೆಯುತ್ತದೆ.

ಎಲ್ಲ ಮುಗಿದು ಎಂಜಿನ್ ಹತ್ತಿಸುವ ದಿನ ಅವಸರ ಮಾಡಬೇಡಿ. ಮೊದಲು ಸ್ಪಾರ್ಕ್ ಕಾಯಿಲ್‌ನ ಪ್ಲಗ್ಗು ಮತ್ತು ಪೆಟ್ರೋಲ್ ಪಂಪಿನ ಪ್ಲಗ್ಗು ಕಿತ್ತು, ಆಯಿಲ್ ದೀಪ ಆರುವವರೆಗೆ ಸ್ವಲ್ಪ ಸ್ವಲ್ಪವೇ ಸ್ಟಾರ್ಟರ್ ತಿರುಗಿಸಿ. ಆಮೇಲೆ ಕೂಲಂಟ್. ಈ ಮಲಗಿದ ಎಂಜಿನ್ನಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಸುಲಭ. ರೇಡಿಯೇಟರಿನ ಮೂಲೆಯ ಸಣ್ಣ ಸ್ಕ್ರೂ ತೆಗೆದಿಟ್ಟು, ಮೇಲಿನ ದಪ್ಪ ಹೋಸ್ ಹಿಚುಕುತ್ತಾ ನಿಧಾನವಾಗಿ ತುಂಬಿ. ಕಾರಿನ ಮೂತಿ ಸ್ವಲ್ಪ ಎತ್ತರಕ್ಕಿದ್ದರೆ ಇನ್ನೂ ಒಳ್ಳೆಯದು. ಹೀಟರ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಓಡಿಸಿ. ಒಳಗೆ ಬಿಸಿ ಗಾಳಿ ಬಂದು, ರೇಡಿಯೇಟರಿನ ಫ್ಯಾನು ಎರಡು ಸಲ ಹತ್ತಿ ಆರುವವರೆಗೂ ಗೇಜಿನಿಂದ ಕಣ್ಣು ತೆಗೆಯಬೇಡಿ. ಮುಳ್ಳು ನಡು ದಾಟಿತೋ, ತಕ್ಷಣ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು ಮತ್ತೆ ತುಂಬಿ. ಮೊದಲ ಸಲಕ್ಕೇ ಎಲ್ಲ ಗಾಳಿ ಹೋಗುವುದು ಕಮ್ಮಿ, ಎರಡು ಮೂರು ಸಲ ಮಾಡಬೇಕಾಗುತ್ತದೆ.